ಹಡಗಿನ ಕಥೆಯಲ್ಲಿ ಹೇಳದೆ ಉಳಿಸಿದ ಹಗ್ಗ

ಇದನ್ನು ಹೇಳುವುದನ್ನು ನಾನು ಮೂರು ವರ್ಷದಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ಮೊದಲು ಕಣ್ಣಿನ ಆಪರೇಷನ್ ಆಗಲಿ ಅಂದುಕೊಂಡೆ. ಆಮೇಲೆ ಮಾವಿನ ಸೀಸನ್ ಮುಗಿಯಲಿ, ಅಂಗಡಿಯ ಗಲಾಟೆ ಇಳಿಯಲಿ ಅಂದುಕೊಂಡೆ. ಅಂಗಡಿಯನ್ನೇ ಮುಚ್ಚಿದ ಮೇಲೆ ನೆಪಗಳೂ ಮುಗಿದವು. ಈಗ ನಮ್ಮ ವ್ಯಾಪಾರಿಗಳ ಸಂಘದವರು ತಮ್ಮ ವಾರ್ಷಿಕ ಸಂಚಿಕೆಗೆ, ‘ನೀವು ಹಡಗಿನಲ್ಲಿ ಹೋಗಿ ಬಂದವರು, ಅನುಭವ ಬರೆದುಕೊಡಿ’ ಎಂದು ಕೇಳಿದ್ದಾರೆ. ಆ ಅನುಭವವನ್ನು ನಾನು ಬಾಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹಾಗೆ ಹೇಳಿಕೊಂಡು ತಿರುಗಿದ್ದೇ ನನ್ನ ತಪ್ಪು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ತಿದ್ದಿ ಬರೆಯುವ ಕಲೆ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮುಳಬಾಗಿಲಿನಲ್ಲಿ ನನ್ನದು ಗೊಬ್ಬರ, ಔಷಧಿ, ಬಿತ್ತನೆ ಬೀಜದ ಅಂಗಡಿ ಇತ್ತು. ಟೊಮೇಟೊ ಎಲೆ ಮುರುಟಿದರೆ, ಮಾವಿನ ಹೂವಿಗೆ ಜಿಗಿಹುಳ ಬಿದ್ದರೆ ರೈತರು ಎಲೆಯನ್ನೋ ಹೂವಿನ ಗೊಂಚಲನ್ನೋ ಕವರಿನಲ್ಲಿ ಹಾಕಿಕೊಂಡು ಬಂದು ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದರು. ಒಂದು ವರ್ಷ ಔಷಧಿ ಕಂಪನಿಯವರು, ಚೆನ್ನಾಗಿ ಮಾರಿದ ಅಂಗಡಿಯವರಿಗೆಲ್ಲ ಹಡಗಿನ ಪ್ರವಾಸ ಅಂದರು. ಸಿಂಗಪುರದಲ್ಲಿ ಹತ್ತಿ, ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ ಸುತ್ತಿ, ಹನ್ನೊಂದನೇ ದಿನ ಮತ್ತೆ ಸಿಂಗಪುರದಲ್ಲಿ ಇಳಿಯುವುದು. ಗಂಡ ಹೆಂಡತಿ ಬರಲಿ ಎಂದು ಒಬ್ಬರಿಗೆ ಎರಡು ಟಿಕೆಟ್. ನನ್ನ ಹೆಂಡತಿ ತೀರಿಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ನಮಗೆ ಮಕ್ಕಳಿಲ್ಲ. ಎರಡನೇ ಟಿಕೆಟ್ಟಿನ ಫಾರಂ ಎರಡು ವಾರ ಗಲ್ಲಾಪೆಟ್ಟಿಗೆಯೊಳಗೆ ಖಾಲಿ ಬಿದ್ದಿತ್ತು. ಕೊನೆಗೆ ನನ್ನ ಷಡ್ಡಕನ ಹೆಸರು ಬರೆದೆ.

ಅವನು ನನ್ನ ಹೆಂಡತಿಯ ಅಕ್ಕನ ಗಂಡ. ಕೋಲಾರದ ಕಡೆ ಹುತ್ತೂರಿನ ಹತ್ತಿರ ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆ ಹುಳ ಸಾಕುತ್ತಾನೆ. ನಮ್ಮಲ್ಲಿ ಅಕ್ಕನ ಗಂಡನನ್ನು ತಂಗಿಯ ಗಂಡ ‘ಅಣ್ಣ’ ಅನ್ನಬೇಕು. ವಯಸ್ಸು ಲೆಕ್ಕಕ್ಕಿಲ್ಲ, ಹೆಣ್ಣುಮಕ್ಕಳ ಹಿರಿತನವೇ ಲೆಕ್ಕ. ಆದರೆ ಅವನು ನನಗಿಂತ ಐದು ವರ್ಷ ಚಿಕ್ಕವನು, ಮೇಲಾಗಿ ನನ್ನ ಅಂಗಡಿಯ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದವನು. ನನ್ನ ನಾಲಿಗೆ ತಿರುಗಲಿಲ್ಲ. ‘ಏನಯ್ಯಾ’ ಅನ್ನುತ್ತಿದ್ದೆ. ಹೆಂಡತಿ ಇರುವಷ್ಟು ದಿನ ಗೊಣಗಿದಳು: “ಅಣ್ಣ ಅಂದ್ರೆ ನಿಮ್ಮ ಬಾಯಿ ಏನು ಸವೀತದಾ?” ತಮಾಷೆಯೆಂದರೆ, ಅವನೇ ನನ್ನನ್ನು ‘ಅಣ್ಣಾ’ ಎಂದು ಕರೆಯುತ್ತಿದ್ದ.

ಅವನ ಹೆಂಡತಿ ನನ್ನ ಹೆಂಡತಿಗಿಂತ ಮೊದಲೇ ಹೋದಳು. ಅವರ ತೋಟದಲ್ಲಿ ಕೃಷಿ ಹೊಂಡ ತೆಗೆಸಿ, ನೀರು ಇಂಗದಿರಲೆಂದು ತಳಕ್ಕೂ ಬದಿಗೂ ನೀಲಿ ಪ್ಲಾಸ್ಟಿಕ್ ಹಾಸಿದ್ದರು. ಪಾಚಿ ಕಟ್ಟಿದ ಪ್ಲಾಸ್ಟಿಕ್ಕಿನ ಮೇಲೆ ಕಾಲು ಜಾರಿ ಬಿದ್ದವರು ಮೇಲೆ ಬರುವುದು ಕಷ್ಟ. ಅವಳು ಹಾಗೆ ಹೋದಳು. ತಾನು ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದೆ, ತನಗೆ ಗೊತ್ತಾಗಲಿಲ್ಲ ಎಂದು ಅವನು ಎಲ್ಲರಿಗೂ ಹೇಳಿದ್ದ. ಅವತ್ತಿನಿಂದ ಅವನ ಹೆಗಲ ಮೇಲೆ ನಾನು ಟವಲ್ ಕಾಣಲಿಲ್ಲ. ನಮ್ಮ ಕಡೆಯ ರೈತ ಹೆಗಲ ಮೇಲೆ ಟವಲ್ ಇಲ್ಲದೆ ಹೊರಗೆ ಕಾಲಿಡುವುದಿಲ್ಲ. ಅದು ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹಡಗು ಅಂದರೆ ಹಡಗಲ್ಲ, ಅದೊಂದು ಊರು. ಒಳಗೆ ಲಿಫ್ಟು, ಅಂಗಡಿ ಬೀದಿ, ನಾಟಕದ ಹಾಲ್. ಮೊದಲ ದಿನ ನಮ್ಮ ಕೋಣೆ ಹುಡುಕುವುದಕ್ಕೇ ಅರ್ಧ ಗಂಟೆ ಬೇಕಾಯಿತು. ಬೇರೆ ಅಂಗಡಿಯವರೆಲ್ಲ ಹೆಂಡತಿಯರ ಜೊತೆ ಬಂದಿದ್ದರು. ಮೈಕಿನಲ್ಲಿ ‘ಜೋಡಿಗಳಿಗೆ ಆಟ’ ಎಂದು ಕರೆದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕಿಟಕಿಯ ಕಡೆ ತಿರುಗುತ್ತಿದ್ದೆವು. ಊಟದ ಹಾಲ್‌ನಲ್ಲಿ ನೂರು ಬಗೆ ಇದ್ದರೂ ಅವನು ಅನ್ನ ಮೊಸರು ಹಾಕಿಕೊಂಡು, ಊರಿನಿಂದ ತಂದಿದ್ದ ಹುಚ್ಚೆಳ್ಳು ಚಟ್ನಿಪುಡಿಯ ಪೊಟ್ಟಣ ಬಿಚ್ಚುತ್ತಿದ್ದ. ನಾನು ಇನ್ನಷ್ಟು ಬಡಿಸಹೋದರೆ, “ಚಾಲಣ್ಣಾ, ಚಾಲು” ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದ. ಕನ್ನಡದಲ್ಲಿ ಮಾತಾಡುತ್ತಿದ್ದರೂ ಸಾಕು ಅನ್ನುವಾಗ ಮಾತ್ರ ಅವನಿಗೆ ತೆಲುಗೇ ಬರಬೇಕು.

ಕೋಣೆಯ ಬೀರುವಿನಲ್ಲಿ ಕಿತ್ತಳೆ ಬಣ್ಣದ ಎರಡು ಲೈಫ್ ಜಾಕೆಟ್ ಇದ್ದವು. ಅವನು ಒಂದನ್ನು ತೆಗೆದು ಹಾಕಿಕೊಂಡ, ಮಲಗುವಾಗಲೂ ಬಿಚ್ಚಲಿಲ್ಲ.

“ಏನಯ್ಯಾ, ಹಡಗು ಮುಳುಗಿದ್ರೆ ಅವರೇ ಹೇಳ್ತಾರೆ. ಬಿಚ್ಚು, ನೋಡಿದೋರು ನಗ್ತಾರೆ.”

“ನಗ್ಲಿ ಬಿಡಣ್ಣಾ. ನಗೋದ್ರಿಂದ ಅವ್ರಿಗೇನು ಖರ್ಚು.”

ಇನ್ನೊಂದು ವಿಚಿತ್ರ. ಕೋಣೆ ಗುಡಿಸಲು ಬರುವವನು ದಿನಾ ಟವಲ್ಲುಗಳನ್ನು ಮಡಚಿ ಆನೆ, ಹಂಸ, ಕೋತಿ ಮಾಡಿ ಹಾಸಿಗೆಯ ಮೇಲೆ ಕೂರಿಸಿ ಹೋಗುತ್ತಿದ್ದ. ನನ್ನ ಷಡ್ಡಕ ಬಾಗಿಲು ತೆರೆದ ಕೂಡಲೇ ಆ ಆನೆಯನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಬಚ್ಚಲಿನ ಬಾಗಿಲ ಹಿಂದೆ ಕಣ್ಣಿಗೆ ಬೀಳದ ಹಾಗೆ ಇಟ್ಟುಬಿಡುತ್ತಿದ್ದ. ಮೈ ಒರೆಸಿಕೊಳ್ಳುವುದು ತನ್ನ ಹಳೆಯ ಪಂಚೆಯಲ್ಲೇ. ಹೆಂಡತಿ ಹೊಂಡದಲ್ಲಿ ಹೋದವನು ನೀರಿಗೆ ಹೆದರುತ್ತಾನೆ ಎಂದು ತಿಳಿಯುವಷ್ಟು ಬುದ್ಧಿ ನನಗಿತ್ತು. ಆದರೂ ನಾನು ಇದನ್ನೆಲ್ಲ ಊರಿಗೆ ಹೋಗಿ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಐದನೇ ದಿನ ಹಡಗು ಎಲ್ಲೂ ನಿಲ್ಲಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಅವನನ್ನು ಬಲವಂತವಾಗಿ ಮೇಲಿನ ಅಂತಸ್ತಿಗೆ ಕರೆದುಕೊಂಡು ಹೋದೆ. ಅಲ್ಲಿ ಈಜುಕೊಳವಿತ್ತು. ಹಡಗು ಓಲಾಡಿದಂತೆ ಕೊಳದ ನೀರೂ ಈ ದಂಡೆಯಿಂದ ಆ ದಂಡೆಗೆ ಹೋಗಿ ಬಡಿಯುತ್ತಿತ್ತು. ತಳವೂ ಬದಿಯೂ ನೀಲಿ.

“ಕೆಳಗೆ ಇಷ್ಟು ನೀರಿದೆ, ಮೇಲೆ ಮತ್ತೆ ನೀರ್ಯಾಕಣ್ಣಾ ಇವ್ರಿಗೆ?” ಎಂದ. ನಾನು ನಕ್ಕೆ. ಅವನು ನಗಲಿಲ್ಲ. ಒಬ್ಬ ಹೆಂಗಸು ಕೊಳದಲ್ಲಿದ್ದುಕೊಂಡು ಗಂಡನ ಕಡೆ ಕೈ ಚಾಚಿ, ಮೇಲೆ ಎಳೆ ಎಂದು ಕೂಗಿ ನಗುತ್ತಿದ್ದಳು. ನನ್ನ ಷಡ್ಡಕ ಅದನ್ನೇ ನೋಡುತ್ತಾ ಕೂತ. ಆಮೇಲೆ ಹೇಳಿದ:

“ಅಣ್ಣಾ, ಅವತ್ತು ನಾನು ಹುಳದ ಮನೇಲಿರ್ಲಿಲ್ಲ.”

“ಯಾವತ್ತು?”

“ಅವ್ಳು ಹೋದ ದಿನ. ಮೋಟಾರಿನ ಪೈಪಿಗೆ ಪಾಚಿ ಸಿಕ್ಕೊಂಡಿತ್ತು, ಬಿಡಿಸೋಕೆ ಹೋಗಿ ಜಾರಿದ್ಲು. ಕೂಗಿದ್ದು ಕೇಳಿ ಓಡ್ದೆ. ದಡದ ಮೇಲೆ ಬೋರಲು ಮಲಗಿ ಹೆಗಲ ಮೇಲಿನ ಟವಲ್ ಕೊಟ್ಟೆ. ಹಿಡ್ಕೊಂಡ್ಲು ಕಣಣ್ಣಾ. ಎಳೆಯೋಕೆ ಹೋದ್ರೆ ನಾನೇ ಜಾರ್ತಿದ್ದೀನಿ. ನನಗೂ ಈಜು ಬರಲ್ಲ. ಪೈಪ್ ಹಿಡ್ಕೊಂಡಿರು, ಹಗ್ಗ ತರ್ತೀನಿ ಅಂತ ಹೇಳಿ ಟವಲ್ ಬಿಟ್ಟೆ. ಪಕ್ಕದ ತೋಟದ ಬೋರ್‌ವೆಲ್ ಶೆಡ್ಡಿಂದ ಹಗ್ಗ ಬಿಚ್ಕೊಂಡು ಓಡಿ ಬಂದೆ. ಬರೋಷ್ಟರಲ್ಲಿ ಟವಲ್ ಒಂದೇ ನೀರ ಮೇಲಿತ್ತು.”

ಅವನು ಮುಂದುವರಿಸಿದ: “ಕೈಯಾರೆ ಬಿಟ್ಟೆ ಅಂತ ಮಗಳಿಗೆ ಹೆಂಗೆ ಹೇಳ್ಲಿ? ಯಾರಿಗೂ ಹೇಳಿಲ್ಲ. ನೀನೂ ಹೇಳ್ಬೇಡ.”

“ಹೇಳಲ್ಲ ಬಿಡು” ಎಂದೆ. ಅವನ ಹೆಗಲ ಮೇಲೆ ಕೈ ಇಡಬಹುದಿತ್ತು. ಇಡಲಿಲ್ಲ. ಎದ್ದುಹೋಗಿ ಇಬ್ಬರಿಗೂ ಐಸ್‌ಕ್ರೀಂ ತಂದೆ. ಆ ಸಂಜೆ ಅವನು ಲೈಫ್ ಜಾಕೆಟ್ ಬಿಚ್ಚಿ ಬೀರುವಿನಲ್ಲಿ ಇಟ್ಟ. ಉಳಿದ ದಿನಗಳಲ್ಲಿ ಹಾಕಿಕೊಳ್ಳಲಿಲ್ಲ. ಇದನ್ನೂ ನಾನು ಎಲ್ಲೂ ಹೇಳಲಿಲ್ಲ. ಹೇಳಿದ್ದರೆ ಜಾಕೆಟ್ಟಿನ ತಮಾಷೆ ಕೆಡುತ್ತಿತ್ತು.

ಊರಿಗೆ ಬಂದ ಮೇಲೆ ನಾನು ದೊಡ್ಡ ಮನುಷ್ಯನಾದೆ. ನಮ್ಮಲ್ಲಿ ಕಾಶಿಗೆ ಹೋಗಿ ಬಂದವರನ್ನು ಕೂರಿಸಿಕೊಂಡು ಕಥೆ ಕೇಳುವ ಹಾಗೆ ನನ್ನನ್ನು ಹಡಗಿನ ಕಥೆ ಕೇಳಿದರು. ಅಂಗಡಿಯಲ್ಲಿ, ದೋಸೆ ಹೋಟೆಲಿನಲ್ಲಿ, ಕೋಲಾರದ ಸಂಘದ ಸಭೆಯಲ್ಲಿ ಹೇಳಿದೆ. ಜಾಕೆಟ್ಟಿನಲ್ಲಿ ಮಲಗುವ ರೈತ, ಟವಲ್ಲಿನ ಆನೆಗೆ ಹೆದರುವ ರೈತ ಎಂದು ಅಭಿನಯ ಮಾಡಿ ತೋರಿಸಿದೆ. ಹೆಂಡತಿ ಹೋದ ಮೇಲೆ ನನ್ನ ಮಾತಿಗೆ ಯಾರೂ ಹಾಗೆ ಕಿವಿ ಕೊಟ್ಟಿರಲಿಲ್ಲ. ಇದು ಸಮರ್ಥನೆಯಲ್ಲ. ಆ ನಗು ನನಗೆ ಬೇಕಾಗಿತ್ತು, ಅಷ್ಟೇ.

ಆಮೇಲೆ ಮಾಸ್ತಿಯಲ್ಲಿ, ನನ್ನ ಹೆಂಡತಿಯ ತವರಿನಲ್ಲಿ, ಒಂದು ನಿಶ್ಚಿತಾರ್ಥ. ಷಡ್ಡಕ ಬಂದಿರಲಿಲ್ಲ. ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಅವು ಮೇವು ಬಿಟ್ಟು ಪೊರೆ ಕಳಚುವ ಆ ಹೊತ್ತಿನಲ್ಲಿ ಸಾಕುವವನು ಮನೆ ಬಿಟ್ಟು ಕದಲುವುದಿಲ್ಲ. ಊಟವಾದ ಮೇಲೆ ಶಾಮಿಯಾನದ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಕೂತಾಗ ಬೀಗರ ಕಡೆಯವರು ಹಡಗಿನ ಕಥೆ ಎತ್ತಿದರು. ನಾನು ಶುರುಮಾಡಿದೆ. ಜಾಕೆಟ್ಟು ಬಂತು, ಆನೆ ಬಂತು. ಎಲ್ಲರೂ ನಕ್ಕರು. ನನ್ನ ಭಾಮೈದ, ಅಂದರೆ ಹೊಂಡದಲ್ಲಿ ಹೋದವಳ ತಮ್ಮ, ನಗಲಿಲ್ಲ. ಶ್ರೀನಿವಾಸಪುರದ ಮಾವಿನ ವ್ಯಾಪಾರಿಯೊಬ್ಬರು, “ಅಲ್ಲ ಸ್ವಾಮಿ, ನೀರಿಗೆ ಹೆದರ್ಲಿ, ಟವಲ್ಲಿಗ್ಯಾಕೆ ಹೆದರ್ತಾನೆ?” ಎಂದು ಕೇಳಿದರು.

ಅಲ್ಲಿ ನಾನು ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. “ಹೆದರ್ದೆ ಇನ್ನೇನು? ಹೆಂಡ್ತಿ ನೀರಲ್ಲಿ ಟವಲ್ ಹಿಡ್ಕೊಂಡಿದ್ರೆ, ದಡದ ಮೇಲಿದ್ದೋನು ಬಿಟ್ಬಿಟ್ಟ” ಎಂದೆ. ಹಗ್ಗದ ಮಾತು ಹೇಳಲಿಲ್ಲ. ಮರೆತು ಬಿಟ್ಟದ್ದಲ್ಲ. ಹಗ್ಗ ಸೇರಿಸಿದರೆ ಮಾತು ಉದ್ದವಾಗುತ್ತದೆ, ಕೊನೆ ಸಪ್ಪೆಯಾಗುತ್ತದೆ ಎಂದು ಬಿಟ್ಟೆ. ಶಾಮಿಯಾನದ ಕೆಳಗೆ ಎಲ್ಲರೂ ಗಪ್ಪಾದರು. ನಾಚಿಕೆಯಿಂದ ಬರೆಯುತ್ತೇನೆ: ಆ ನಿಶ್ಶಬ್ದ ಒಂದು ಕ್ಷಣ ನನಗೆ ಹಿತವಾಗಿತ್ತು. ಭಾಮೈದ ಎದ್ದು, ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಒಳಗೆ ಹೋದ.

ಷಡ್ಡಕನ ಮಗಳನ್ನು ಶ್ರೀನಿವಾಸಪುರಕ್ಕೆ ಕೊಟ್ಟಿದೆ. ಮಾತು ಅವಳ ಮನೆಗೆ ನನ್ನ ಬಸ್ಸಿಗಿಂತ ಬೇಗ ತಲುಪಿತು. ಮರುದಿನವೇ ಅವಳು ಹುತ್ತೂರಿಗೆ ಹೋಗಿ, ಹೊಸಲಿನ ಹೊರಗೇ ನಿಂತು, “ಅಪ್ಪಾ, ನೀನು ಅಲ್ಲಿದ್ದೆಯಾ?” ಎಂದು ಕೇಳಿದಳಂತೆ. ಅವನು ‘ಇದ್ದೆ’ ಅಂದನಂತೆ. ಅವಳು ನೀರೂ ಮುಟ್ಟದೆ ತಿರುಗಿ ಹೋದಳು. ಮೂರು ವರ್ಷ ಆ ಮನೆಗೆ ಕಾಲಿಡಲಿಲ್ಲ.

ಶನಿವಾರ ಶನಿವಾರ ಅವನು ಮುಳಬಾಗಿಲಿಗೆ ಬಂದು, ನಾವಿಬ್ಬರೂ ದೋಸೆ ತಿನ್ನುವ ರೂಢಿ ಇತ್ತು. ಅದು ನಿಂತಿತು. ಹೋಟೆಲಿನವರು ಮೊದಮೊದಲು “ಇನ್ನೊಂದು ಅವ್ರು ಬಂದ್ಮೇಲೆ ಹಾಕ್ಲಾ?” ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ನಾನೂ ಈಗ ಗೋಡೆಯ ಪಕ್ಕದ ಒಂದೇ ಕುರ್ಚಿಯ ಜಾಗದಲ್ಲಿ ಕೂರುತ್ತೇನೆ.

ಒಂದು ಸಲ ಹುತ್ತೂರಿಗೆ ಹೋದೆ. ತಪ್ಪಾಯಿತು ಎನ್ನಲೆಂದೇ ಹೋದದ್ದು. ಅವನು ಚಾಪೆ ಹಾಸಿದ, ತಾನೇ ಕಾಫಿ ಮಾಡಿ ಕೊಟ್ಟ. ಬೈಯಲಿಲ್ಲ. “ಹೆಂಗಿದ್ದೀರಿ? ಸಕ್ಕರೆ ಸಾಕಾ?” ಎಂದ. ನಲವತ್ತು ವರ್ಷ ‘ನೀನು, ಅಣ್ಣಾ’ ಎಂದವನು ‘ನೀವು’ ಎಂದ. ನಾನು ರೇಷ್ಮೆ ಗೂಡಿನ ರೇಟು ಕೇಳಿದೆ, ಸೊಪ್ಪಿಗೆ ಬಂದ ಬೂದಿರೋಗಕ್ಕೆ ಯಾವ ಔಷಧಿ ಎಂದು ಹೇಳಿದೆ. ಬಸ್ಸು ಬಂತು ಎಂದು ಎದ್ದೆ. ಬಸ್ಸು ಬಂದಿರಲಿಲ್ಲ. ಸ್ಟ್ಯಾಂಡಿನಲ್ಲಿ ಒಂದು ಗಂಟೆ ಬಿಸಿಲಲ್ಲಿ ನಿಂತಿದ್ದೆ.

ಇಷ್ಟನ್ನು ಬರೆದಾದ ಮೇಲೆ, ಸಂಘಕ್ಕೆ ಕೊಡುವ ಮೊದಲು, ಹಾಳೆಗಳನ್ನು ಹಿಡಿದು ಶ್ರೀನಿವಾಸಪುರಕ್ಕೆ, ಷಡ್ಡಕನ ಮಗಳ ಮನೆಗೆ ಹೋದೆ. ಒಂದು ಸಲ ಕೇಳದೆ ಹೇಳಿ ಕೆಡಿಸಿದವನು, ಇನ್ನೊಂದು ಸಲ ಹಾಗೆ ಮಾಡಬಾರದು ಅನ್ನಿಸಿತು. ಅವಳು ಬಾಗಿಲು ತೆರೆದಳು, ಒಳಗೆ ಬನ್ನಿ ಅನ್ನಲಿಲ್ಲ. ಜಗಲಿಯ ಮೇಲೆ ಕೂತೇ ಓದಿದೆ. ಹಗ್ಗದ ಜಾಗಕ್ಕೆ ಬಂದಾಗ ಅವಳು ತಡೆದಳು.

“ಹಗ್ಗ ತಂದಿದ್ನಾ?”

“ತಂದಿದ್ದ ಕಣಮ್ಮ. ಹಗ್ಗ ತರೋಕೇ ಬಿಟ್ಟಿದ್ದು.”

“ಹಗ್ಗ ನೀವೂ ಹೇಳ್ಲಿಲ್ಲ, ಅಪ್ಪನೂ ಹೇಳ್ಲಿಲ್ಲ.”

“ನೀನು ಕೇಳಿದ್ದು ಅಲ್ಲಿದ್ದೆಯಾ ಅಂತ. ಅಷ್ಟಕ್ಕೇ ಉತ್ತರ ಹೇಳಿದಾನೆ.”

ಅವಳು ಬಹಳ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆಮೇಲೆ, “ಇದನ್ನ ಅಪ್ಪಂಗೆ ನಾನೇ ಓದಿ ಹೇಳ್ತೀನಿ. ಅವ್ರು ಹೂಂ ಅಂದ್ರೆ ಅಚ್ಚು ಹಾಕ್ಸಿ ಚಿಕ್ಕಪ್ಪ. ಮೊದಲು ಹೇಳಿದ್ದು ಎಲ್ಲರ ಕಿವಿಗೂ ಬಿದ್ದಿದೆ, ಇದೂ ಬೀಳ್ಲಿ” ಎಂದಳು. ನಾನು ಎದ್ದು ಚಪ್ಪಲಿ ಮೆಟ್ಟುವಾಗ ಕೇಳಿದಳು: “ಅಪ್ಪನ ಹತ್ರ ತಪ್ಪಾಯ್ತು ಅಂದ್ರಾ?”

“ಇಲ್ಲಮ್ಮ.”

“ಅದನ್ನ ನಾನು ಓದಿ ಹೇಳೋಕಾಗಲ್ಲ” ಎಂದು ಬಾಗಿಲು ಹಾಕಿಕೊಂಡಳು.

ಸೋಮವಾರ ಅವಳು ಹುತ್ತೂರಿಗೆ ಹೋಗಿ ಮೂರು ದಿನ ಇದ್ದಳಂತೆ. ಅಪ್ಪ ಹೂಂ ಅಂದರು ಎಂದು ಫೋನು ಮಾಡಿ ತಿಳಿಸಿದಳು, ಬೇರೆ ಮಾತಾಡಲಿಲ್ಲ. ಅವರಿಬ್ಬರ ನಡುವಿನದು ಸರಿಹೋಗಲಿ. ನನ್ನ ಶನಿವಾರ ಈಗಲೂ ಆ ಒಂದೇ ಕುರ್ಚಿಯಲ್ಲಿದೆ; ಅದಕ್ಕೆ ಯಾರನ್ನೂ ದೂರುವಂತಿಲ್ಲ. ಈ ಬರಹದಲ್ಲಿ ನಾನು ತಪ್ಪು ಒಪ್ಪಿಕೊಂಡಿದ್ದೇನೆ, ಆದರೆ ಒಪ್ಪಿಕೊಳ್ಳುವುದು ಬೇರೆ, ಎದುರಿಗೆ ನಿಂತು ಕ್ಷಮೆ ಕೇಳುವುದು ಬೇರೆ. ಅದನ್ನು ಇನ್ನೂ ಮಾಡಿಲ್ಲ. ನಾನು ಕ್ಷಮೆ ಕೇಳಬೇಕಾದವನು ಯಾರು ಅಂದರೆ, ಹುತ್ತೂರಿನಲ್ಲಿ ಹುಳ ಸಾಕಿಕೊಂಡಿರುವವನು, ಹೆಗಲ ಮೇಲೆ ಟವಲ್ ಹಾಕದವನು, ನನಗಿಂತ ಐದು ವರ್ಷ ಚಿಕ್ಕವನಾದ ನನ್ನ ಅಣ್ಣ.