ಬಿದ್ದ ವಿಮಾನಕ್ಕೆ ಒಂದು ವಾರ

ಮೊನ್ನೆ ಮಿಕ್ಸಿ ಜಾರಿನ ಮುಚ್ಚಳ ಸೀಳಿಹೋಗಿತ್ತು. ಅಂಟು ಹಚ್ಚಿ ಒತ್ತಿ ಹಿಡಿದು ಕೂತಿದ್ದೆ. ಮೂಗಿಗೆ ಚುರ್ರೆನ್ನುವ ಆ ವಾಸನೆಗೆ ಪಕ್ಕದ ಮನೆಯ ಟೈಲರ್ ಅಣ್ಣ ನೆನಪಾದರು. ತಿಪಟೂರಿನ ನಮ್ಮ ಬೀದಿಗೆ ಆ ವಾಸನೆ ಪರಿಚಯವಾದದ್ದೇ ಅವರಿಂದ.

ಅಂಗಡಿ ಬಿಟ್ಟ ಮೇಲೆ ಅವರು ಒಂದು ರಿಮೋಟ್ ವಿಮಾನ ಕಟ್ಟಿದ್ದರು. ಥರ್ಮಾಕೋಲಿನ ರೆಕ್ಕೆ, ಅದರ ಮೇಲೆ ಲೈನಿಂಗ್ ಬಟ್ಟೆಯಷ್ಟು ತೆಳುವಾದ ಹಾಳೆ, ಒಂದು ಸುಕ್ಕಿಲ್ಲ. ಕಟ್ಟಿ ಮುಗಿಸುವ ಹೊತ್ತಿಗೆ ಬೆರಳ ಗಿಣ್ಣುಗಳು ಊದಿಕೊಂಡು ಕತ್ತರಿ ಹಿಡಿಯುವುದೇ ಕಷ್ಟವಾಯಿತು.

"ಇನ್ನೊಂದು ಕಟ್ಟಕ್ಕಾಗಲ್ಲ ಕಣಮ್ಮ. ಇದನ್ನ ಬೀಳಿಸ್ದಂಗೆ ಹಾರಿಸ್ಬೇಕು," ಅಂದಿದ್ದರು.

ಅದಕ್ಕೇ ಸಿಮ್ಯುಲೇಟರ್ ಹಾಕಿಸಿಕೊಂಡರು. ಅದೇ ರಿಮೋಟನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಪರದೆಯ ಮೇಲೆ ವಿಮಾನ ಹಾರುತ್ತಿತ್ತು. ಗಾಳಿಗೆ ವಾಲುತ್ತಿತ್ತು, ನಮ್ಮ ಕಡೆ ಮುಖ ಮಾಡಿ ಬಂದರೆ ಎಡ ಬಲ ಅದಲು ಬದಲು. ಬಿದ್ದರೆ ಒಂದು ಗುಂಡಿ ಒತ್ತಿದರಾಯಿತು, ಹೊಸದೇ ಎದ್ದು ನಿಲ್ಲುತ್ತಿತ್ತು. ಟೈಲರ್ ಅಣ್ಣ ಮಾತ್ರ ಆ ಗುಂಡಿ ಮುಟ್ಟುತ್ತಿರಲಿಲ್ಲ. ಬಿದ್ದ ತಕ್ಷಣ ಕಂಪ್ಯೂಟರ್ ಆರಿಸಿ, ರಿಪೇರಿಗೆ ಬಿಟ್ಟ ಹಾಗೆ ಒಂದು ವಾರ ಅದಕ್ಕೆ ಟವೆಲ್ ಹೊದಿಸಿಬಿಡುತ್ತಿದ್ದರು. "ಬಿದ್ರೂ ಏನೂ ಹೋಗಲ್ಲ ಅಂದ್ರೆ ಕೈಗೆ ಭಯ ಎಲ್ಲಿಂದ ಬತ್ತದೆ?"

ಅವರ ಹೆಂಡತಿಯನ್ನು ನಾನು ಅತ್ತಿಗೆ ಅಂತಲೇ ಕರೆಯುತ್ತಿದ್ದದ್ದು. "ವಿಮಾನ ಗ್ಯಾರೇಜಲ್ಲೈತೆ ಕಣೇ," ಅನ್ನೋರು. "ಈ ವಾರ ಹಿಟ್ಟಿನ ಗಿರಣಿಗೆ ಪೈಲಟ್ಟನ್ನೇ ಕಳಿಸ್ತೀನಿ."

ಬರುಬರುತ್ತಾ ಟವೆಲ್ ಹೊದಿಸುವುದು ಅಪರೂಪವಾಯಿತು… ರಾಗಿ ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ಮೂವರೂ ಆಟೋದಲ್ಲಿ ಹಾಲ್ಕುರಿಕೆ ಕಡೆ ಹೋದೆವು. ಗುರುತಿನವರ ಖಾಲಿ ಹೊಲ. ಟೈಲರ್ ಅಣ್ಣ ಹೇಳಿದಂತೆ ನಾನೇ ವಿಮಾನವನ್ನು ಮುಂದಕ್ಕೆ ಎಸೆದೆ. ಏರಿತು. ತಿರುಗಿ ನಮ್ಮ ಕಡೆಗೇ ಬಂದಾಗಲೂ ಅವರ ಬೆರಳು ತಡವರಿಸಲಿಲ್ಲ. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡೇ ನಿಂತಿದ್ದರು.

ಇನ್ನೊಂದು ಸುತ್ತು. ಹೊಲದಂಚಿಗೆ ತೆಂಗಿನ ತೋಟ. ವಿಮಾನ ಮರಗಳಿಗಿಂತ ಈಚೆಗೇ ಇದೆ ಅಂತ ನನಗೂ ಕಂಡಿತ್ತು. ಅಲ್ಲೊಂದು ಮರದ ಗರಿ ಅಲುಗಿತು… ಸದ್ದು ನಿಂತಿತು.

ತೋಟದವನು ಹತ್ತಿ ಇಳಿಸಿಕೊಟ್ಟ. "ಕಾಯಿ ಕೀಳಕ್ಕೆ ಹತ್ತಿದ್ದುಂಟು, ಏರೋಪ್ಲೇನ್ ಕೀಳಕ್ಕೆ ಇದೇ ಮೊದ್ಲು ಬುಡಿ," ಅಂದ. ರೆಕ್ಕೆ ಎರಡು ತುಂಡಾಗಿತ್ತು, ಮೂತಿ ಜಜ್ಜಿಹೋಗಿತ್ತು.

ಟೈಲರ್ ಅಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು, "ಕೈ ಸರಿಯಾಗೇ ಕಲ್ತಿತ್ತು ಕಣಮ್ಮ. ದೂರ ಹತ್ರ ಅನ್ನೋದು ಆ ಪರದೆ ಒಳಗೆ ಇರ್ಲಿಲ್ಲ," ಅಂದರು.

"ಎಷ್ಟು ವಾರದ್ದು ರಿಪೇರಿ?" ಅಂತ ಅಭ್ಯಾಸಬಲದಿಂದ ಕೇಳಿದ ಅತ್ತಿಗೆ, ಗಂಡನ ಊದಿದ ಬೆರಳುಗಳನ್ನು ನೋಡಿ ತುಂಡಾದ ರೆಕ್ಕೆಯನ್ನು ತಾವೇ ಎತ್ತಿಕೊಂಡರು.

ಮಾರನೆಯ ದಿನ ಹುರುಳಿ ಸಾರು ಕೊಡಲು ಹೋದೆ. ಟೈಲರ್ ಅಣ್ಣ ಪರದೆಯ ಮುಂದೆ ಕೂತಿದ್ದರು. ವಿಮಾನ ಬಿತ್ತು. ಇನ್ನೇನು ಟವೆಲ್ಲಿಗೆ ಕೈ ಹಾಕುತ್ತಾರೆ ಅಂದುಕೊಂಡೆ. ಅವರು ಗುಂಡಿ ಒತ್ತಿದರು. ಮತ್ತೆ ಬಿತ್ತು, ಮತ್ತೆ ಒತ್ತಿದರು.

ಈಗ ಅವರಿಲ್ಲ. ಅತ್ತಿಗೆ ಅರಳಗುಪ್ಪೆಗೆ, ತಂಗಿಯ ಮನೆಗೆ ಹೋದರು. ಸಿಮ್ಯುಲೇಟರ್ ನಿಜದ ಹಾಗೇ ಇರುತ್ತಾ ಅಂತ ಯಾರಾದರೂ ಕೇಳಿದರೆ, ಆ ಗುಂಡಿ ಮುಟ್ಟದಿದ್ದಷ್ಟು ದಿನ ನಿಜವೇ ಆಗಿತ್ತು ಅನ್ನುತ್ತೇನೆ. ಆಮೇಲೆ ಅದು ಬರೀ ಆಟ. ಆ ಆಟವನ್ನಾದರೂ ಅವರು ಇನ್ನಷ್ಟು ದಿನ ಆಡಿಕೊಂಡಿರಬೇಕಿತ್ತು…