ಬಾಗಿದ ಸ್ಪ್ರಿಂಗಿನ ವಿರುದ್ಧ ನಾನು ಗೆದ್ದ ವಾದ

ಡಬ್ಬದಿಂದ ಹೊರಗೆ ಬಂದ ಹೊಸ ಸ್ಪ್ರಿಂಗ್ ಬಾಳೆಕಾಯಿಯಂತೆ ಬಾಗಿತ್ತು. ಗ್ಯಾರೇಜಿನ ನೆಲದ ಮೇಲೆ ನಿಲ್ಲಿಸಿದರೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತು. ಕಾರಿನ ತೂಕ ಹೊರಬೇಕಾದ ಹೊಚ್ಚ ಹೊಸ ವಸ್ತು ಹೀಗಿರಲು ಸಾಧ್ಯವೇ ಇಲ್ಲವೆಂದು ನನಗೆ ಎರಡು ಸೆಕೆಂಡಿನಲ್ಲಿ ಖಾತ್ರಿಯಾಯಿತು. ಕಾಲೇಜಿನ ಮೂರು ವರ್ಷವೂ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿದವಳು ನಾನು. ಖಾತ್ರಿಯಾಗುವುದಕ್ಕೆ ನನಗೆ ಅಷ್ಟು ಹೊತ್ತು ಧಾರಾಳವಾಗಿ ಸಾಕು.

ಕಾರು ನನ್ನದಲ್ಲ, ಅಕ್ಕನದು. ಕೆಂಚಾರ್ಲಹಳ್ಳಿಯಲ್ಲಿ ಅವಳು ಆಗಷ್ಟೇ ಚಾಕಿ ಕೇಂದ್ರ ಶುರು ಮಾಡಿದ್ದಳು. ಮೊಟ್ಟೆಯೊಡೆದು ಬಂದ ರೇಷ್ಮೆಹುಳುಗಳನ್ನು ಮೊದಲ ಕೆಲವು ದಿನ ಜೋಪಾನವಾಗಿ ಸಾಕಿ, ಅವು ಎರಡನೇ ಸಲ ಚರ್ಮ ಕಳಚಿದ ಮೇಲೆ ರೈತರ ಮನೆಗೆ ತಲುಪಿಸುವ ಕೆಲಸ. ಹಿಂದಿನ ಸೀಟು ಬಿಚ್ಚಿಸಿದ ಆ ಹಳೇ ಕಾರಿನಲ್ಲೇ ಹುಳುವಿನ ಟ್ರೇಗಳು ಹೋಗಬೇಕು. ಮೊದಲ ತಂಡ ಸೋಮವಾರ ಬೆಳಿಗ್ಗೆ ಶಿಡ್ಲಘಟ್ಟದ ಕಡೆಯ ಮೂರು ಮನೆಗಳಿಗೆ ಹೊರಡಬೇಕಿತ್ತು. ಹುಳುಗಳಿಗೆ ದಿನ ಮುಂದೂಡಿ ಎಂದು ಹೇಳುವಂತಿಲ್ಲ. ದಾರಿಯಲ್ಲಿ ಕುಲುಕಾಟ ಹೆಚ್ಚಾದರೆ ಸೊಪ್ಪು ಜಾರಿ ಮೂಲೆಯಲ್ಲಿ ಗುಡ್ಡೆಯಾಗುತ್ತದೆ, ಹುಳುಗಳು ಅದರಡಿ ಸಿಕ್ಕಿಕೊಳ್ಳುತ್ತವೆ. ಮೊದಲ ತಂಡವೇ ಹಾಗಾದರೆ ಎರಡನೇ ತಂಡ ಕೇಳಿಕೊಂಡು ಯಾರೂ ಬರುವುದಿಲ್ಲ. ಇಂಥ ಹೊತ್ತಿನಲ್ಲಿ ಶುಕ್ರವಾರ ಮುಂದಿನ ಎಡಗಡೆ ಸ್ಪ್ರಿಂಗ್ ಮುರಿಯಿತು. ಶನಿವಾರ ಬೆಳಿಗ್ಗೆಯೇ ನಾವಿಬ್ಬರೂ ಚಿಂತಾಮಣಿಯ ಗ್ಯಾರೇಜಿನಲ್ಲಿದ್ದೆವು.

ಮೆಕ್ಯಾನಿಕ್ ವಯಸ್ಸಾದವರು. ಮನೆಮಾತು ಉರ್ದು, ಗಿರಾಕಿಗೆ ತಕ್ಕಂತೆ ಕನ್ನಡ, ಇಲ್ಲವೇ ತೆಲುಗು. ಎಲ್ಲರಂತೆ ನಾವೂ ಅವರನ್ನು ಭಾಯ್ ಎನ್ನುತ್ತೇವೆ.

"ಇದು ಬಾಳೆಕಾಯಿ ಥರ ಬಾಗೋಗಿದೆ ಭಾಯ್," ಎಂದೆ.

"ಬಾಗಿರೋದೇ ಕಣಮ್ಮಾ ಇದು. ಈ ಗಾಡಿಗೆ ಹಂಗೇ ಬರೋದು."

ಹಾಗೇ ಬರುತ್ತದೆ ಎನ್ನುವುದು ಕಾರಣವಾಗುವುದಿಲ್ಲ, ಯಾಕೆ ಹಾಗೆ ಬರುತ್ತದೆ ಹೇಳಿ ಎಂದೆ. ಅವರು ಮುರಿದ ಹಳೇ ಸ್ಪ್ರಿಂಗನ್ನು ಎತ್ತಿ ತೋರಿಸಿದರು. ಕೆಳಗಿನ ಸುತ್ತು ತುಂಡಾಗಿತ್ತು, ಉಳಿದದ್ದು ಹೊಸದರ ಹಾಗೆಯೇ ಬಾಗಿತ್ತು. ಬೇರೆ ಯಾರಾದರೂ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದರು. ನಾನು ಆ ಸಾಕ್ಷಿಯನ್ನು ನನ್ನ ಕಡೆಗೇ ಎಳೆದುಕೊಂಡೆ: ಬಾಗಿದ್ದಕ್ಕೇ ಅಲ್ಲವೇ ಅದು ಮುರಿದದ್ದು? ಆಮೇಲೆ ಬಗ್ಗಿ ಬಲಗಡೆ ಚಕ್ರದ ಹಿಂದೆ ಕೈ ಮಾಡಿದೆ. ಕಾರು ಆ ಕಾಲಿನ ಮೇಲೆ ನಿಂತಿತ್ತು, ಅಲ್ಲಿನ ಸ್ಪ್ರಿಂಗ್ ಕಂಬದಷ್ಟು ನೆಟ್ಟಗಿತ್ತು.

"ಬಲಗಡೆ ನೆಟ್ಟಗೆ, ಎಡಗಡೆ ಸೊಟ್ಟಗೆ. ಒಂದೇ ಕಾರಿಗೆ ಎರಡು ನ್ಯಾಯಾನಾ ಭಾಯ್?"

ಬ್ರೇಕ್ ಸರಿಮಾಡಿಸಲು ಕಾದು ಕೂತಿದ್ದ ಟೊಮೇಟೊ ಟೆಂಪೋದ ಡ್ರೈವರ್ ಟೀ ಲೋಟ ಕೆಳಗಿಟ್ಟು, "ಅಮ್ಮಾಯಿ ಪಾಯಿಂಟ್ ಚೆಪ್ಪಿಂದಿ ಭಾಯ್," ಎಂದು, ಹುಡುಗಿಯ ಮಾತಲ್ಲಿ ಪಾಯಿಂಟ್ ಇದೆಯೆಂದು, ತೆಲುಗಿನಲ್ಲಿ ತೀರ್ಪು ಕೊಟ್ಟೇಬಿಟ್ಟ. ತೀರ್ಪುಗಾರರೇ ನನ್ನ ಕಡೆ. ಇನ್ನೇನು ಬೇಕು?

ಭಾಯ್ ಎದ್ದು ಹೋಗಿ ಗೋಡೆಯ ಮೊಳೆಗೆ ತೂಗುಹಾಕಿದ್ದ ಸೈಕಲ್ ಪಂಪನ್ನು ತಂದರು. ಬಾಮ್ಮಾ, ಒಂದು ತೋರಿಸ್ತೀನಿ ಎಂದರು. ನಾವು ಮಾತಾಡುತ್ತಿರುವುದು ಸ್ಪ್ರಿಂಗಿನ ಬಗ್ಗೆ, ಪಂಪಿನ ಬಗ್ಗೆಯಲ್ಲ, ವಿಷಯಾಂತರ ಬೇಡ ಎಂದೆ. ಅವರು ಪಂಪನ್ನು ಮತ್ತೆ ಮೊಳೆಗೆ ಹಾಕಿದರು. ಮನೆಯಲ್ಲಿ ನನ್ನ ಮಾತು ಗೆಲ್ಲುವುದು ಅಕ್ಕನಿಗೆ ಅಭ್ಯಾಸವಾಗಿತ್ತು, ನೆಟ್ಟಗಿರೋದನ್ನೇ ಹಾಕಿ ಎಂದಳು. ನಿಮ್ಮ ಗಾಡಿ, ನಿಮ್ಮಿಷ್ಟ ಎಂದ ಭಾಯ್, ಹಳೇ ಸಾಮಾನಿನ ರಾಶಿಯಿಂದ ಅದೇ ಎತ್ತರದ, ಅದೇ ದಪ್ಪದ ನೆಟ್ಟನೆಯ ಸ್ಪ್ರಿಂಗೊಂದನ್ನು ಹುಡುಕಿ ಹಾಕಿಕೊಟ್ಟರು. ಬಹುಮಾನದ ಫಲಕ ಹಿಡಿದವಳ ಹಾಗೆ ನಾನು ಕಾರು ಹತ್ತಿದೆ.

ಅಕ್ಕನಿಗೆ ತನ್ನದೇ ಒಂದು ಪರೀಕ್ಷೆಯಿದೆ. ಖಾಲಿ ಟ್ರೇಯಲ್ಲಿ ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪನ್ನು ಸಮನಾಗಿ ಹರಡಿ, ಅದರ ಮೇಲೆ ಬೆರಳಲ್ಲಿ ಚೌಕಳಿ ಗೆರೆ ಎಳೆಯುತ್ತಾಳೆ. ಕಾರಿನಲ್ಲಿಟ್ಟು ಒಂದು ಸುತ್ತು ಹೋಗಿ ಬಂದಾಗ ಗೆರೆಗಳು ಉಳಿದಿದ್ದರೆ ಹುಳು ಒಯ್ಯಬಹುದು. ಆ ಮಧ್ಯಾಹ್ನ ಟ್ರೇ ಇಟ್ಟುಕೊಂಡು ನಾನು ಹಿಂದೆ ಕೂತೆ. ದೊಡ್ಡ ಹಂಪು ಬಂದರೆ ಸ್ಪ್ರಿಂಗ್ ಕೆಲಸ ಮಾಡುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಸಣ್ಣ ಸಣ್ಣ ಗುಂಡಿಗಳು ಎಡಗಡೆಯಿಂದ ದಡ್ ದಡ್ಡೆಂದು ನೇರ ಬೆನ್ನಿಗೇ ಬಂದವು. ಏನೋ ಒಳಗೆ ಕಚ್ಚಿಕೊಂಡು ಕೂತು, ಆಮೇಲೆ ತಟ್ಟನೆ ಬಿಟ್ಟ ಹಾಗೆ. ರಸ್ತೆಯೇ ಹಾಗಿದೆ ಎಂದು ವಾದಿಸಲು ನೋಡಿದೆ. ಮನೆ ಮುಂದೆ ನಿಂತಾಗ ಗೆರೆಗಳು ಅಳಿಸಿಹೋಗಿದ್ದವು, ಸೊಪ್ಪೆಲ್ಲ ಒಂದು ಮೂಲೆ ಸೇರಿತ್ತು.

"ನಿನ್ನ ಸ್ಪ್ರಿಂಗು ನೆಟ್ಟಗೈತೆ ಕಣೇ," ಎಂದಳು ಅಕ್ಕ. "ಸೊಪ್ಪು ನೋಡು."

ಮರುದಿನ ಬೆಳಿಗ್ಗೆ ಕಾರು ಮತ್ತೆ ಗ್ಯಾರೇಜಿನ ದಾರಿ ಹಿಡಿಯಿತು.

ಭಾಯ್ ಅವರಿಗೆ ಶುಕ್ರವಾರ ರಜೆ, ಭಾನುವಾರ ಗ್ಯಾರೇಜು ತೆರೆದಿರುತ್ತದೆ. "ಬಂದ್ರಾ ಲಾಯರಮ್ಮಾ," ಎಂದಷ್ಟೇ ಹೇಳಿ ಅವರು ಜಾಕ್ ತೆಗೆದುಕೊಂಡರು. ಎಡಗಡೆಗಲ್ಲ, ಬಲಗಡೆಗೆ. ನಾನು ಶನಿವಾರ ಕರೆದಿದ್ದ ನೆಟ್ಟನೆಯ ಸಾಕ್ಷಿಯ ಕಡೆಗೆ. ಕೂತು ನೋಡಲು ಹೇಳಿದರು. ಜಾಕ್ ಏರಿತು, ಚಕ್ರ ನೆಲ ಬಿಟ್ಟು ಜೋತುಬಿತ್ತು, ಮೇಲಿನ ಭಾರ ಇಳಿಯುತ್ತಾ ಹೋದಂತೆ ಆ ಕಂಬ ಸುತ್ತು ಸುತ್ತಾಗಿ ಬಾಗತೊಡಗಿತು. ನನ್ನ ಕಣ್ಣ ಮುಂದೆಯೇ, ಬಾಳೆಕಾಯಿಯ ಹಾಗೆ. ಜಾಕ್ ಇಳಿಸಿದರು, ಮತ್ತೆ ನೆಟ್ಟಗಾಯಿತು. ನನ್ನ ಸಾಕ್ಷಿ ನನ್ನ ವಿರುದ್ಧವೇ ತಿರುಗಿಬಿದ್ದಿತ್ತು. ನಾಚಿಕೆಯಾಗಬೇಕಿತ್ತು. ಬದಲಿಗೆ ಮೈಯೆಲ್ಲ ಜುಮ್ಮೆಂದಿತು. ಇನ್ನೊಂದ್ಸಲ ಎತ್ತಿ ಭಾಯ್ ಎಂದೆ.

ಈ ಸಲ ಪಂಪನ್ನು ನಾನೇ ಮೊಳೆಯಿಂದ ಇಳಿಸಿ ತಂದೆ.

ಹಿಡಿಯನ್ನು ನೇರವಾಗಿ ಒತ್ತು ಎಂದರು. ಸರಾಗವಾಗಿ ಇಳಿಯಿತು. ಈಗ ಹಿಡಿಯನ್ನು ಒಂದು ಪಕ್ಕಕ್ಕೆ ಎಳೆದುಕೊಂಡು ಒತ್ತು ಎಂದರು. ಕಡ್ಡಿ ಕೊಳವೆಯ ಬಾಯಿಗೆ ಉಜ್ಜಿ ಕಚ್ಚಿಕೊಂಡಿತು, ಜೋರು ಹಾಕಿದ ಮೇಲೆ ತಟ್ಟನೆ ಜಾರಿತು. ಶನಿವಾರ ನನ್ನ ಬೆನ್ನಿಗೆ ಬಂದ ಅದೇ ದಡ್. ಹಾಗೇ ಎಳೆದುಕೊಂಡಿರು ಎಂದು ಹೇಳಿ, ಎದುರು ಪಕ್ಕದಿಂದ ಹಿಡಿಯ ಬುಡಕ್ಕೆ ಹೆಬ್ಬೆರಳಿಟ್ಟು ತಳ್ಳಿದರು. ಪಂಪ್ ಮತ್ತೆ ಬೆಣ್ಣೆಯಂತೆ ಇಳಿಯಿತು.

"ಈ ಹೆಬ್ಬೆಟ್ಟೇ ಅಮ್ಮಾ ನಿನ್ನ ಬಾಳೆಕಾಯಿ."

ನಾನು ಹತ್ತು ಸಲ ಒತ್ತಿ ನೋಡಿದೆ. ಉಳಿದದ್ದು ತಾನಾಗಿಯೇ ಬಿಚ್ಚಿಕೊಂಡಿತು. ಚಕ್ರ ಇರುವುದು ಹೊರಗಡೆ, ಸ್ಪ್ರಿಂಗಿನ ನಡುವೆ ಕೂರುವ, ಪಂಪಿನಂಥದೇ ಶಾಕ್ ಅಬ್ಸಾರ್ಬರ್ ಇರುವುದು ಅದರ ಒಳಮಗ್ಗುಲಲ್ಲಿ. ನೆಲ ಚಕ್ರವನ್ನು ಮೇಲಕ್ಕೆ ತಳ್ಳುವಾಗ ಆ ಬಲ ಅದರ ನೇರಕ್ಕೆ ಬೀಳದೆ ಪಕ್ಕದಿಂದ ಬಂದು ಅದನ್ನು ಬಗ್ಗಿಸಲು ನೋಡುತ್ತದೆ. ಒಳಗಿನ ಕಡ್ಡಿ ಕೊಳವೆಗೆ ಒತ್ತಿಕೊಳ್ಳುತ್ತದೆ, ಸಣ್ಣ ಗುಂಡಿಗೆ ಕದಲುವುದೇ ಇಲ್ಲ. ಬಾಗಿದ ಸ್ಪ್ರಿಂಗನ್ನು ಕಾರಿನ ತೂಕ ನೆಟ್ಟಗೆ ಮಾಡುತ್ತದೆ ನಿಜ, ಆದರೆ ಅದು ತನ್ನ ಬಾಗನ್ನು ಬಿಟ್ಟುಕೊಟ್ಟಿರುವುದಿಲ್ಲ. ಮತ್ತೆ ಬಾಗಬೇಕೆಂದು ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ, ಆ ತಳ್ಳುವಿಕೆ ಚಕ್ರದ ಕಡೆಯ ಬಲಕ್ಕೆ ಸರಿಯಾಗಿ ಎದುರು ನಿಲ್ಲುತ್ತದೆ. ಎರಡೂ ಸಮವಾದಾಗ ಕಡ್ಡಿ ಹಗುರಾಗಿ ಓಡಾಡುತ್ತದೆ. ಹಾಗಾದರೆ ತಿರುಗಿಸಿ ಹಾಕಿದರೆ ಇನ್ನೂ ಕೆಟ್ಟದ್ದಲ್ಲವೇ ಎಂದು ಕೇಳಿದೆ. ಭಾಯ್ ಮೊದಲ ಸಲ ನಕ್ಕರು, ಸ್ಪ್ರಿಂಗಿನ ತುದಿ ಕೂರಲೆಂದೇ ಕೆಳಗಿನ ಬಟ್ಟಲಿನಲ್ಲಿ ಮಾಡಿಟ್ಟಿದ್ದ ಮೆಟ್ಟಿಲನ್ನು ಬೆರಳಿಂದ ತೋರಿಸಿದರು. ತಿರುಗಿಸಿದರೆ ಸ್ಪ್ರಿಂಗ್ ಅಲ್ಲಿ ಕೂರುವುದೇ ಇಲ್ಲ. ಯಾರೋ ಆ ಪ್ರಶ್ನೆಯನ್ನು ನನಗಿಂತ ಮುಂಚೆಯೇ ಕೇಳಿಕೊಂಡಿದ್ದರು.

ಬಾಗಿದ ಸ್ಪ್ರಿಂಗನ್ನೇ ಹಾಕಿಸಿಕೊಂಡ ಮೇಲೆ, ಭಾನುವಾರ ಸಂಜೆ ಟ್ರೇ ಅದೇ ರಸ್ತೆಯಲ್ಲಿ ಹೋಗಿ ಬಂತು. ಚೌಕಳಿ ಗೆರೆಗಳು ಎಳೆದ ಹಾಗೇ ಇದ್ದವು. ಅಕ್ಕ ನನ್ನ ಬೆನ್ನಿಗೆ ಒಂದು ಗುದ್ದಿದಳು, ಅವಳ ಒಪ್ಪಿಗೆ ಯಾವಾಗಲೂ ಹಾಗೆಯೇ.

ಸೋಮವಾರ ಬೆಳಿಗ್ಗೆ ಮೊದಲ ಮನೆಯ ಹೆಂಗಸು ಟ್ರೇ ಮೇಲಿನ ಪೇಪರ್ ಎತ್ತಿ, ಗಾಡೀಲಿ ಕುಲುಕಲಿಲ್ವಾ ಎಂದು ಕೇಳಿದರು. ಚಕ್ರ, ಕಡ್ಡಿ, ಹೆಬ್ಬೆಟ್ಟು, ಎಲ್ಲ ನನ್ನ ನಾಲಗೆಯ ತುದಿಯಲ್ಲಿತ್ತು. ಅಕ್ಕ ನನ್ನ ಕಾಲು ತುಳಿದಳು. ಆ ಹೆಂಗಸು ನಮ್ಮ ಉತ್ತರಕ್ಕೆ ಕಾಯಲೂ ಇಲ್ಲ. ಮೇಲೆ ಹೊಸ ಸೊಪ್ಪು ಉದುರಿಸಿ, ಕುಕ್ಕರುಗಾಲಲ್ಲಿ ಕೂತು ನೋಡಿದರು. ಸ್ವಲ್ಪ ಹೊತ್ತಿಗೆ ಟ್ರೇಯ ಎಲ್ಲಾ ಕಡೆಯಿಂದ ಹುಳುಗಳು ತಲೆಯೆತ್ತಿ ಸೊಪ್ಪಿನ ಮೇಲೆ ಬಂದವು, ಒಂದು ಮೂಲೆಯೂ ಬಿಡದೆ.

"ಮುಂದಿನ ತಂಡಾನೂ ನೀವೇ ತಂದ್ಬಿಡಮ್ಮಾ," ಎಂದರು ಅಕ್ಕನಿಗೆ.

ಅಲ್ಲಿಯವರೆಗೆ ತಡೆದುಕೊಂಡದ್ದೇ ಹೆಚ್ಚು. ನಿಮ್ಮನೇಲಿ ಸೈಕಲ್ ಪಂಪ್ ಇದೆಯಾ ಎಂದು ನಾನು ಅವರನ್ನು ಕೇಳಿದೆ.