ಲರ್ಲೀನ್ ಕುಣಿಸುವ ಶನಿವಾರಗಳು

ಎದುರುಬದುರು ಸಾಲಲ್ಲಿ ನಿಂತು ಜೋಡಿ ಬದಲಿಸುತ್ತ ಕುಣಿಯುವ ಕಾಂಟ್ರಾ ಕುಣಿತಕ್ಕೆ ಹೋದ ಮೊದಲ ಶನಿವಾರವೇ ಆರು ಮಂದಿ ಹೆಂಗಸರು ನನಗೆ ಮನಸೋತರೆಂದು ತಿಳಿದಿದ್ದೆ. ಜೋಡಿಯಾಗಿ ಗಿರಗಿರನೆ ಸುತ್ತುವಾಗ ಒಬ್ಬೊಬ್ಬಳೂ ನನ್ನ ಕಣ್ಣಲ್ಲೇ ಕಣ್ಣಿಟ್ಟಿದ್ದಳು. ಮರದ ಅಡ್ಡೆಯಲ್ಲಿ ಹಲಗೆ ಜೋಡಿಸುವ ನನ್ನನ್ನು ಅಷ್ಟು ಹೊತ್ತು ಯಾರೂ ನೋಡಿದ್ದಿಲ್ಲ, ಕೆಲಸಗಳ್ಳನೆಂದು ಕಾಯುವ ಮೇಸ್ತ್ರಿ ಕೂಡ. ಮುಂದಿನ ವಾರ ಅವರಲ್ಲೊಬ್ಬಳಿಗೆ ಮೇಪಲ್ ಪಾಕದ ಬಾಟಲಿ ಒಯ್ದೆ. ಅವಳ ಗಂಡ ಬಹಳ ಸಂತೋಷದಿಂದ ಇಸಿದುಕೊಂಡ.

"ತಲೆ ತಿರುಗದಿರ್ಲಿ ಅಂತ ಕಣ್ಣು ನೋಡ್ತಾರೆ ಕಣೋ," ಎಂದರು ಲರ್ಲೀನ್ ಪೆಲ್ಕಿ. "ಗೋಡೆ ನೋಡಿದ್ರೆ ವಾಂತಿ ಬರುತ್ತೆ. ನಿನ್ನ ಮುಖ ಗೋಡೆಗಿಂತ ಒಂಚೂರು ಮೇಲು, ಅಷ್ಟೇ."

ಲರ್ಲೀನ್ ಮೂವತ್ತು ವರ್ಷ ನಮ್ಮ ವರ್ಮಾಂಟ್ ಊರಿನ ಶಾಲಾ ಬಸ್ಸು ಓಡಿಸಿದವರು. ಶನಿವಾರ ಸಂಜೆ ಸಭಾಭವನದ ವೇದಿಕೆಯಲ್ಲಿ ನಿಂತು, ಪಿಟೀಲಿನ ಲಯಕ್ಕೆ ಮುಂದಿನ ಹೆಜ್ಜೆ ಯಾವುದೆಂದು ಕೂಗಿ ಹೇಳುವವರೂ ಅವರೇ. ಷೂ ಬಿಚ್ಚಿಟ್ಟು ಬರಿಗಾಲಲ್ಲಿ ನಿಲ್ಲುತ್ತಿದ್ದರು. ಯಾರಾದರೂ ಮಾತಾಡಿದರೆ ಬಾಯನ್ನೇ ದಿಟ್ಟಿಸುತ್ತಿದ್ದರು. ನಾನು ಹಲ್ಲು ಕ್ಲೀನ್ ಮಾಡಿಸಿದ್ದು ಅವರಿಗೆ ಹಿಡಿಸಿದೆ ಎಂದುಕೊಂಡಿದ್ದೆ.

ಹೊಸ ಕುಣಿತ ಯಾವುದೇ ಬರಲಿ, ಅಡುಗೆಮನೆಯ ಮೇಜಿನ ಮೇಲೆ ಕುಣಿಯುವವರ ಬದಲು ಉಪ್ಪು, ಮೆಣಸಿನ ಡಬ್ಬಿಗಳನ್ನಿಟ್ಟು ಸರಿಸಿ ನೋಡದೆ ಅವರು ಒಪ್ಪುತ್ತಿರಲಿಲ್ಲ. ಎರಡು ತಿಂಗಳ ಅನುಭವದ ಪಂಡಿತನಾದ ನಾನೂ ಒಂದು ಹೊಸ ಕುಣಿತ ಕಟ್ಟಿಕೊಂಡು ಅವರ ಮನೆಗೆ ಹೋದೆ.

"ಬಲಗೈ ಹಿಡ್ದು ಸುತ್ತಿ ಬಂದವಳಿಗೆ ಮತ್ತೆ ಬಲಗೈನೇ ಕೊಡು ಅಂತೀಯಲ್ಲ," ಎಂದರು ಮೆಣಸಿನ ಡಬ್ಬಿ ಎತ್ತಿ ಹಿಡಿದು. "ಆ ಕೈ ಇನ್ನೂ ಹಿಂದೇನೇ ಇದೆ. ಖಾಲಿ ಇರೋ ಕೈಗೆ ಕೆಲಸ ಕೊಡ್ಬೇಕು. ಮೈ ಯಾವ ಕಡೆ ವಾಲಿದೆಯೋ ಮುಂದಿನ ಹೆಜ್ಜೆ ಆ ಕಡೆಗೇ ಕಾಯ್ತಿರ್ಬೇಕು. ತಿರುವಿನಲ್ಲಿ ಯಾರಾದ್ರೂ ಬಸ್ ರಿವರ್ಸ್ ಹಾಕ್ತಾರಾ?"

"ಅದೇ ಹೊಸತನ," ಎಂದೆ. ಮೂರು ವಾರ ಗೋಗರೆದೆ. ಕಾಟ ತಾಳದೆ ಒಪ್ಪಿದರು.

ಆ ಶನಿವಾರ ಅದನ್ನು ಕುಣಿಸಿದಾಗ ಎರಡನೇ ಸುತ್ತಿಗೇ ನಲವತ್ತು ಜನ ಸಿಕ್ಕುಸಿಕ್ಕಾದರು. ನನ್ನ ಬಲಗೈಗೆ ಹಾಲಿನ ಡೈರಿಯವನ ಗಡ್ಡ ಸಿಕ್ಕಿತು. ಪಿಟೀಲು ನಿಂತಮೇಲೂ ಲರ್ಲೀನ್ ಎರಡು ಹೆಜ್ಜೆ ಕೂಗುತ್ತಲೇ ಇದ್ದರು. ಜನ ನಕ್ಕರು.

"ವಯಸ್ಸಾಯ್ತು ಲರ್ಲೀನ್," ಎಂದ ಕುಣಿತದ ಸಮಿತಿಯ ಅಧ್ಯಕ್ಷ ಓರಿನ್ ಥ್ರಾಲ್. "ಮುಂದಿನ ಶನಿವಾರಾನೂ ಹೀಗಾದ್ರೆ ಬೇರೆಯವರನ್ನ ಕರೆಸ್ತೀವಿ."

ಆ ಕುಣಿತ ಕಟ್ಟಿದ್ದು ಯಾರೆಂದು ಲರ್ಲೀನ್ ಹೇಳಲಿಲ್ಲ. ನಾನಂತೂ ಕಾಫಿಗೆ ಸಕ್ಕರೆ ಕಲಸುವುದರಲ್ಲಿ ಮಗ್ನನಾಗಿದ್ದೆ.

ಮುಂದಿನ ಶನಿವಾರ ಲರ್ಲೀನ್ ಒಂದು ಹಳೆಯ ಕುಣಿತ ಆರಿಸಿದರು. ಸುತ್ತು ಮುಗಿದ ಕಡೆ ಇನ್ನೊಂದು ಕೈ ಕಾದಿರುತ್ತಿತ್ತು. ಕೈ ಬಿಟ್ಟ ವೇಗವೇ ನಮ್ಮನ್ನು ಮುಂದಕ್ಕೆ ದಾಟಿಸುತ್ತಿತ್ತು. ನಾಲ್ಕನೇ ಸುತ್ತಿಗೆ ಅವರು ಬಾಯಿ ಮುಚ್ಚಿ ನಿಂತರು. ಜನಕ್ಕೆ ಹೆಜ್ಜೆ ಹತ್ತಿದ ಮೇಲೂ ಕೂಗುವುದು ಅವರ ಪ್ರಕಾರ ಮಹಾ ಅಸಭ್ಯತೆ. ನಾನು ಕೂಡ ಹೆಜ್ಜೆ ತಪ್ಪಲಿಲ್ಲ.

ಮುಗಿದ ಮೇಲೆ ನಾನು ವೇದಿಕೆಗೆ ಹೋಗಿ, "ಅವತ್ತು ಕೆಟ್ಟಿದ್ದು ನನ್ನ ಕುಣಿತ," ಎಂದು ಎಲ್ಲರೆದುರು ಒಪ್ಪಿಕೊಂಡೆ. ಯಾರಿಗೂ ಆಶ್ಚರ್ಯವಾಗಲಿಲ್ಲ. ಬೆವರು ಒರೆಸಿಕೊಳ್ಳುತ್ತಿದ್ದ ಓರಿನ್ ಮಾತ್ರ ಬಿಡಲಿಲ್ಲ.

"ಅದಿರ್ಲಿ. ಪಿಟೀಲು ನಿಂತಿದ್ದು ನಿಮಗೆ ಗೊತ್ತೇ ಆಗ್ಲಿಲ್ಲ. ನಿಜ ಹೇಳಿ ಲರ್ಲೀನ್, ನಿಮಗೆ ಕಿವಿ ಕೇಳ್ಸುತ್ತಾ?"

ಲರ್ಲೀನ್ ಅವನ ಬಾಯಿಂದ ಕಣ್ಣು ತೆಗೆದು, ಬಗ್ಗಿ ಷೂ ಹಾಕಿಕೊಂಡರು.

"ಇಲ್ಲ. ಆರು ವರ್ಷ ಆಯ್ತು. ಲಯ ನೆಲದಿಂದ ಕಾಲಿಗೆ ಬರುತ್ತೆ, ಮಿಕ್ಕಿದ್ದು ನಿಮ್ಮ ಕಾಲು ನೋಡಿದ್ರೆ ಗೊತ್ತಾಗುತ್ತೆ. ನಿನ್ನ ಎಡಗಾಲಿಗೆ ಇಪ್ಪತ್ತು ವರ್ಷದಿಂದ ಪಿಟೀಲು ಕೇಳ್ಸಿಲ್ಲ ಓರಿನ್. ನಿನ್ನನ್ನ ಯಾರಾದ್ರೂ ಹೊರಗೆ ಹಾಕಿದ್ರಾ?"